ಆರ್ಟೀಸಿಯಾದಿಂದ ಸ್ಯಾನ್ ಡಿಯಾಗೊವರೆಗೆ, ಒಂದು ಬಾಡಿಗೆ ಮನೆಗಾಗಿ

ಲಾಸ್ ಏಂಜಲೀಸ್‌ಗೆ ಬಂದ ನಮ್ಮವರು ಹಾಲಿವುಡ್ ನೋಡದೆ ಹೋದಾರು, ಆರ್ಟೀಸಿಯಾದ ಪಯೋನಿಯರ್ ಬುಲೆವಾರ್ಡ್ ನೋಡದೆ ಹೋಗಲ್ಲ. ಸೀರೆ ಅಂಗಡಿ, ಚಾಟ್ ಅಂಗಡಿ, ದಿನಸಿ ಅಂಗಡಿ ಸಾಲಾಗಿರುವ ಈ ಬೀದಿಗೆ ಲಿಟ್ಲ್ ಇಂಡಿಯಾ ಅಂತಲೇ ಹೆಸರು. ಮೊನ್ನೆ ನಾವು ಮೂವರು ಅಲ್ಲಿಗೆ ಹೋದದ್ದು ಅಕ್ಕಿ ಬೇಳೆಗಲ್ಲ, ಮನೆ ಹುಡುಕೋದಕ್ಕೆ. ಜೊತೆಗೆ ಹಾಸನದ ಕಡೆಯ ಒಬ್ಬ ತಂಗಿ, ಅವಳ ಆರು ವರ್ಷದ ಮಗಳು. ಗಂಡ ಬಿಟ್ಟುಹೋಗಿ ಒಂದು ವರ್ಷ, ಕೆಲಸ ಹೋಗಿ ಎರಡು ತಿಂಗಳು. ಬಾಡಿಗೆ ಕಟ್ಟಲಾಗದೆ ಇದ್ದ ಮನೆ ಬಿಡಬೇಕಾಗಿತ್ತು.

ಅಂಗಡಿಯ ಬೋರ್ಡಿನಲ್ಲಿ ‘ರೂಮ್ ಖಾಲಿ ಇದೆ’ ಅನ್ನೋ ಚೀಟಿಗಳಿದ್ದವು. ಒಂದೊಂದಕ್ಕೂ ಫೋನ್ ಮಾಡಿದ್ವಿ. ಅತ್ತಲಿಂದ ಬಂದ ಮೊದಲ ಪ್ರಶ್ನೆ, “ನಿಮ್ಮ ಯಜಮಾನ್ರು ಏನ್ ಮಾಡ್ತಾರೆ?” ಎರಡನೆಯದು, “ಮಗು ಇದೆಯಾ?” ಆಮೇಲೆ, “ಯೋಚನೆ ಮಾಡಿ ಹೇಳ್ತೀವಮ್ಮ.” ಯಾರೂ ತಿರುಗಿ ಫೋನ್ ಮಾಡಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ರೆ ಇಷ್ಟು ನೋವಾಗ್ತಿರಲಿಲ್ಲ ಅಣ್ಣ, ಎಂದಳು ತಂಗಿ.

ಅಪಾರ್ಟ್‌ಮೆಂಟ್ ಆಫೀಸುಗಳಲ್ಲಿ ಬೇರೆ ಲೆಕ್ಕ. ಬಾಡಿಗೆಯ ಮೂರು ಪಟ್ಟು ಆದಾಯ ತೋರಿಸಿ ಅಂತಾರೆ. ಕ್ಯಾಲಿಫೋರ್ನಿಯಾದ ನಿರುದ್ಯೋಗ ಭತ್ಯೆ ಹೆಚ್ಚೆಂದರೆ ವಾರಕ್ಕೆ 450 ಡಾಲರ್, ಅದೂ ಸಾಮಾನ್ಯವಾಗಿ 26 ವಾರ. ಅಷ್ಟರಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಕಟ್ಟಿದರೆ ಊಟಕ್ಕೇ ಉಳಿಯಲ್ಲ.

ಸ್ಯಾನ್ ಡಿಯಾಗೊ ಚಿಕ್ಕ ಊರು, ಬಾಡಿಗೆ ಕಡಿಮೆ ಇರಬಹುದು ಅಂತ ಯಾರೋ ಹೇಳಿದರು. ಶನಿವಾರ ಫುಲ್ಲರ್ಟನ್‌ನಲ್ಲಿ ಪೆಸಿಫಿಕ್ ಸರ್ಫ್‌ಲೈನರ್ ರೈಲು ಹತ್ತಿದ್ವಿ. ಸ್ಯಾನ್ ಕ್ಲೆಮೆಂಟೆ ಹತ್ತಿರ ಹಳಿ ಮರಳ ದಂಡೆಯ ಮೇಲೇ ಹೋಗುತ್ತೆ. ಮಗು ಕಿಟಕಿಗೆ ಮುಖ ಒತ್ತಿ ಸಮುದ್ರ ನೋಡುತ್ತಿತ್ತು. ತಾಯಿ ಮಾತ್ರ ಗುಡ್ಡದ ಮೇಲಿನ ಮನೆಗಳನ್ನೇ ನೋಡುತ್ತಿದ್ದಳು.

ಸ್ಯಾನ್ ಡಿಯಾಗೊದಲ್ಲೂ ಬಾಡಿಗೆ ಸೋವಿ ಇಲ್ಲ. ಮೀರಾ ಮೇಸಾದ ನಮ್ಮವರ ಅಂಗಡಿಗಳಲ್ಲಿ ಅವೇ ಚೀಟಿ, ಅವೇ ಪ್ರಶ್ನೆ. ಆಮೇಲೆ ಟ್ರಾಲಿ ಹಿಡಿದು ದಕ್ಷಿಣಕ್ಕೆ ಚೂಲಾ ವಿಸ್ಟಾ, ಪೂರ್ವಕ್ಕೆ ಎಲ್ ಕಹೋನ್ ಕಡೆ ಅಲೆದ್ವಿ. ಅಲೆದಾಟದಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇವೆ, ಯಾರಿಗಾದರೂ ಬೇಕಾದೀತು.

ಮೊದಲು 211ಕ್ಕೆ ಫೋನ್ ಮಾಡಿ. ಎರಡೂ ಕೌಂಟಿಗಳಲ್ಲಿ ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ. ಸೆಕ್ಷನ್ 8 ವೌಚರ್ ಸಿಕ್ಕರೆ ಆದಾಯದ ಸುಮಾರು ಶೇ. 30ರಷ್ಟು ನಾವು ಕಟ್ಟಿದರೆ ಸಾಕು, ಉಳಿದದ್ದು ಸರ್ಕಾರದ್ದು. ಆದರೆ 2022ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್ ನಗರದ ಪಟ್ಟಿ ತೆರೆದಾಗ ಎರಡು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು, ಲಾಟರಿ ಎತ್ತಿ 30,000 ಹೆಸರು ಉಳಿಸಿಕೊಂಡರು. ಸ್ಯಾನ್ ಡಿಯಾಗೊದಲ್ಲಿ ಸರದಿಗೆ ಹತ್ತು ವರ್ಷ ದಾಟುತ್ತೆ. ಹಾಗಂತ ಬಿಡಬೇಡಿ. ನಗರಕ್ಕೊಂದು, ಕೌಂಟಿಗೊಂದು ಪಟ್ಟಿ ಬೇರೆ ಬೇರೆ ಇರುತ್ತೆ. ತೆರೆದ ಕಡೆಯೆಲ್ಲ ಹೆಸರು ಬರೆಸಿ. ಅರ್ಜಿಗೆ ದುಡ್ಡು ಕೇಳಿದವನು ಮೋಸಗಾರ. ವಿಳಾಸ ಬದಲಾದರೆ ತಿಳಿಸಲು ಮರೆಯಬೇಡಿ, ಕಾಗದ ವಾಪಸಾದರೆ ಹೆಸರೂ ಹೋಗುತ್ತೆ.

ಕಾನೂನೂ ನಮ್ಮ ಪರ ಸ್ವಲ್ಪ ಇದೆ. ಅಪಾರ್ಟ್‌ಮೆಂಟಿನವರು ಮಗು ಇದೆ ಅಂತಲೋ, ಗಂಡ ಇಲ್ಲ ಅಂತಲೋ ಮನೆ ನಿರಾಕರಿಸುವ ಹಾಗಿಲ್ಲ. 2020ರಿಂದ ವೌಚರ್ ಇದೆ ಅಂತ ಬೇಡ ಅನ್ನುವ ಹಾಗೂ ಇಲ್ಲ. ವೀಸಾ ಯಾವುದು ಅಂತ ಮಾಲೀಕ ಕೇಳಬಾರದು. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ: 2024ರ ಜುಲೈ 1ರಿಂದ ಡಿಪಾಜಿಟ್ ಒಂದು ತಿಂಗಳ ಬಾಡಿಗೆ ಮೀರಬಾರದು, ಒಂದೆರಡು ಕಟ್ಟಡವಿರುವ ಸಣ್ಣ ಮಾಲೀಕರು ಮಾತ್ರ ಎರಡು ತಿಂಗಳದ್ದು ಕೇಳಬಹುದು. ಕೋರ್ಟ್ ಆದೇಶವಿಲ್ಲದೆ ಬೀಗ ಬದಲಿಸಿ ಹೊರಹಾಕುವಂತಿಲ್ಲ. ತಾಯಿಗೆ ಅರ್ಹತೆ ಇಲ್ಲದಿದ್ದರೂ ಇಲ್ಲೇ ಹುಟ್ಟಿದ ಮಗುವಿಗೆ ಕೆಲವು ನೆರವು ಸಿಗಬಹುದು, ಕೇಳಿ ನೋಡಿ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಆರ್ಟೀಸಿಯಾದಲ್ಲಿ ಸೌತ್ ಏಷ್ಯನ್ ನೆಟ್‌ವರ್ಕ್ ಅನ್ನೋ ನಮ್ಮ ಕಡೆಯವರದೇ ಸಂಸ್ಥೆ ಇದೆ.

ಕೊನೆಗೆ ಎಲ್ ಕಹೋನ್‌ನಲ್ಲಿ ಒಂದು ಹಿತ್ತಲ ಮನೆ ಸಿಕ್ಕಿತು. ನಮ್ಮೂರಿನ ಔಟ್‌ಹೌಸ್ ಇದ್ದ ಹಾಗೆ: ಒಂದು ಕೋಣೆ, ಒಲೆ, ಬಚ್ಚಲು. ಇರಾಕಿನಿಂದ ಬಂದ ವಯಸ್ಸಾದ ದಂಪತಿ. ಗಂಡನ ವಿಷಯ ಕೇಳಲೇ ಇಲ್ಲ. “ಮಗು ಯಾವ ಶಾಲೆಗೆ ಹೋಗುತ್ತೆ?” ಅಂತ ಕೇಳಿ, ಆರು ತಿಂಗಳಿಗೆ ಬರೆದುಕೊಟ್ಟರು. ಆರು ತಿಂಗಳು ಬೇಗ ಹೋಗುತ್ತೆ. ತಂಗಿ ಕೆಲಸ ಹುಡುಕುತ್ತಿದ್ದಾಳೆ, ನಾಲ್ಕು ಪಟ್ಟಿಗಳಲ್ಲಿ ಹೆಸರಿದೆ.

ನಿಮ್ಮ ಮನೆಯಲ್ಲೂ ಒಂದು ರೂಮು ಖಾಲಿ ಇದ್ದೀತು. ಇಂಥ ತಾಯಿ ಫೋನ್ ಮಾಡಿದರೆ ಯಜಮಾನ್ರ ವಿಷಯ ಆಮೇಲೆ ಕೇಳಿ. ಮೊದಲು, “ಬಂದು ಮನೆ ನೋಡಮ್ಮ,” ಅನ್ನಿ.