ಬುದ್ಧಿಗೆ 15, ಬಲಕ್ಕೆ 8

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಪಾತ್ರ ಕಟ್ಟೋಕೆ ಆರು ಅಂಕಿ ಕೊಡ್ತಾರೆ: 15, 14, 13, 12, 10, 8. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು – ಯಾವುದಕ್ಕೆ ಎಷ್ಟು ಅಂತ ನಾವೇ ಹಂಚಬೇಕು. ನನ್ನದು ಓದುಬಡಕ ಮಾಂತ್ರಿಕ. 15 ಸೀದಾ ಬುದ್ಧಿಗೆ ಹೋಯ್ತು. 8 ಬಲಕ್ಕೆ.

ಅಲ್ಲಿ ಪೆನ್ಸಿಲ್ ಸ್ವಲ್ಪ ತಡೀತು. ನಮ್ಮನೇಲಿ ಇಂಥದೇ ಹಂಚಿಕೆ ನಿಜಕ್ಕೂ ನಡೆದಿತ್ತು. ಅಣ್ಣ ಪಿಯುಸಿಗೇ ಓದು ನಿಲ್ಲಿಸಿ ಹೊಲಕ್ಕಿಳಿದ. ಎರಡು ವರ್ಷದ ಮೇಲೆ ನಾನು ಬಿಇ ಸೇರಿದೆ.

ಮಾಂತ್ರಿಕ ಆರು ಮಂತ್ರಗಳ ಪುಸ್ತಕ ಹಿಡ್ಕೊಂಡು ಶುರುಮಾಡ್ತಾನೆ. ಒಂದೊಂದು ಮಟ್ಟ ಏರಿದಾಗಲೂ ಎರಡು ಸೇರುತ್ತೆ. ಬೇರೆ ಕಡೆ ಸಿಕ್ಕಿದ ಮಂತ್ರ ನಕಲು ಮಾಡ್ಕೋಬೇಕಾ? ಮಂತ್ರದ ಮಟ್ಟವೊಂದಕ್ಕೆ 50 ಚಿನ್ನದ ನಾಣ್ಯ, ಎರಡು ಗಂಟೆ. (ಓದಿಗೆ ದುಡ್ಡು ಬೇಕು ಅಂತ ನಿಯಮ ಬರೆದವರಿಗೂ ಗೊತ್ತಿತ್ತು!) ಇಷ್ಟು ಕಲಿತರೂ ಶುರುವಿನಲ್ಲಿ ಅವನ ಜೀವ ಆರೋ ಎಂಟೋ ಅಂಕ, ಗಾಬ್ಲಿನ್ ಒಂದು ಎರಡೇಟು ಹಾಕಿದ್ರೆ ಮಲಗಿಬಿಡ್ತಾನೆ. ಕವಚ ತೊಡೋದೂ ಕಲಿತಿರಲ್ಲ. ಅದಕ್ಕೇ ಯೋಧ ಮುಂದೆ ನಿಲ್ತಾನೆ. ಏಟೆಲ್ಲ ಅವನಿಗೆ. ಇವನು ಹಿಂದೆ ನಿಂತು ಮಂತ್ರ ಹೇಳ್ತಾನೆ, ಕೊನೆಗೆ ಹೆಸರೂ ಇವನಿಗೇ.

ನಾವು ಆಡೋದು 2014ರ ಆವೃತ್ತಿ. ಅದರ ಹಾಳೆಯಲ್ಲಿ 'ಬಂಧ' ಅಂತೊಂದು ಖಾನೆ ಇದೆ: ಈ ಪಾತ್ರ ಯಾರಿಗೆ, ಯಾವುದಕ್ಕೆ ಕಟ್ಟುಬಿದ್ದಿದೆ ಅಂತ. 'ಮುಂದೆ ನಿಂತಿರೋ ಯೋಧ ನನ್ನಣ್ಣ' ಅಂತ ಬರೆದೆ.

ಯೋಧನ ಪಾತ್ರ ಆಡೋ ಗೆಳೆಯ ಬಗ್ಗಿ ನೋಡಿದ. 'ಗುರೂ, ನಾನ್ಯಾವಾಗ ನಿಂಗೆ ಅಣ್ಣ ಆದೆ?'

'ಆಡು, ಹೇಳ್ತೀನಿ' ಅಂದೆ.