ಬಾನೆಟ್ ಒಳಗಿನ ಬೇಸಿಗೆ

ಏಪ್ರಿಲ್ 14, 2024, ಭಾನುವಾರ, ವಿಜಯನಗರ

ಕೆಂಗೇರಿಯಲ್ಲಿ ಬಾವನ ಮನೆಯ ಊಟ ಮುಗಿಸಿ ಬರುವಾಗ ಗಾಡಿಯದು ಮತ್ತೆ ಅದೇ ರಾಗ. ನಾಯಂಡಹಳ್ಳಿ ಜಂಕ್ಷನ್‌ನಲ್ಲಿ ಏಸಿ ಹಾಕಿಕೊಂಡು ನಿಂತಿದ್ದು, ಸಿಗ್ನಲ್ ಬಿಟ್ಟಮೇಲೆ ಆಕ್ಸಿಲರೇಟರ್ ಒತ್ತಿದರೆ ಪಿಕಪ್ಪೇ ಇಲ್ಲ. ರಸ್ತೆ ಬಿಡುವಾಗಿ ಸ್ವಲ್ಪ ದೂರ ಓಡಿದ ಮೇಲೆ ತಾನಾಗಿಯೇ ಸರಿಹೋಯಿತು. ಡೀಸೆಲ್ ಫಿಲ್ಟರ್ ಹೊಸದು, ಏರ್ ಫಿಲ್ಟರ್ ಹೊಸದು. ಬೆಳಗಿನ ಜಾವ ಹೊರಟರೆ ಈ ತಕರಾರೇ ಇಲ್ಲ. ಅಂದರೆ ಇದು ಶಾಖದ ಕಾಟ.

ನನ್ನದು ಮೊದಲ ತಲೆಮಾರಿನ ಫಾರ್ಚೂನರ್, 3.0 ಡಿ-4ಡಿ. 2009ರಲ್ಲಿ ಬಿಡದಿಯ ಕಾರ್ಖಾನೆಯಿಂದ ಬರತೊಡಗಿದ ಮಾದರಿ. ಬಾನೆಟ್ ಮೇಲೆ ಬಾಯಿ ತೆರೆದ ಸ್ಕೂಪ್ ಇದೆಯಲ್ಲ, ಅದನ್ನು ಅಂದಕ್ಕೆ ಇಟ್ಟದ್ದು ಎಂದೇ ಬಹಳ ಜನ ತಿಳಿದಿದ್ದಾರೆ. ಅದರ ಕೆಳಗೆ, ಎಂಜಿನ್ನಿನ ನೆತ್ತಿಯ ಮೇಲೆ, ಟರ್ಬೊ ಅದುಮಿ ಕಳಿಸಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮಲಗಿದೆ. ಗಾಡಿ ಓಡಿದರೆ ಸ್ಕೂಪಿನಿಂದ ಗಾಳಿ ಇಳಿದು ಅದನ್ನು ತಣಿಸಬೇಕು. ನಿಂತರೆ? ಮೇಲಿಂದ ಗಾಳಿಯಿಲ್ಲ, ಕೆಳಗೆ ಕುದಿಯುವ ಎಂಜಿನ್. ರೇಡಿಯೇಟರ್ ದಾಟಿ ಬಂದ ಬಿಸಿಗಾಳಿಯನ್ನು ಎಂಜಿನ್ ಫ್ಯಾನ್ ಕೂಡ ಅದರ ಹೊಟ್ಟೆಯಡಿಗೇ ತಳ್ಳುತ್ತದೆ.

ಏಪ್ರಿಲ್ 17, ಬುಧವಾರ

ರಾತ್ರಿ ಕೂತು ಲೆಕ್ಕ ಹಾಕಿದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ನೂರಕ್ಕೆ ತೊಂಬತ್ತರಷ್ಟು. 35 ಡಿಗ್ರಿಯ ಈ ಗಾಳಿಯನ್ನು ಟರ್ಬೊ ಎರಡು ಪಟ್ಟು ಅದುಮಿದರೆ, ಕಂಪ್ರೆಸರಿನ ನಷ್ಟವೂ ಸೇರಿ, ಅದು 130 ಡಿಗ್ರಿಯ ಹತ್ತಿರ ಹೋಗುತ್ತದೆ. ಬಿಸಿಯಾದ ಗಾಳಿ ಹಿಗ್ಗುತ್ತದೆ. ಹತ್ತು ಡಿಗ್ರಿ ಏರಿದರೆ ಸಾಂದ್ರತೆ ಸುಮಾರು ಶೇ. 3ರಷ್ಟು ಇಳಿಯುತ್ತದೆ. ಅಷ್ಟು ಆಮ್ಲಜನಕ ಕಡಿಮೆ, ಅಷ್ಟು ಡೀಸೆಲ್ ಉರಿಸುವುದು ಕಷ್ಟ. ಟರ್ಬೊ ಕೊಟ್ಟದ್ದನ್ನು ಶಾಖ ಕಿತ್ತುಕೊಳ್ಳದಂತೆ ಕಾಯುವುದೇ ಇಂಟರ್‌ಕೂಲರಿನ ಕೆಲಸ.

ಸುಬಾರು ಕಂಪನಿಯ ರ‍್ಯಾಲಿ ವಂಶದ ಇಂಪ್ರೆಜಾ ಎಸ್‌ಟಿಐ ಗಾಡಿಗಳಲ್ಲೂ ಇಂಟರ್‌ಕೂಲರ್ ಹೀಗೆಯೇ ಎಂಜಿನ್ ಮೇಲಿತ್ತು. ಅದರ ಮೇಲೆ ನೀರು ಚಿಮುಕಿಸುವ ಏರ್ಪಾಡನ್ನೂ ಕಂಪನಿಯೇ ಕೊಟ್ಟಿತ್ತು. ನೀರಿಗೆ ಬರ ಬಂದ ಈ ಬೇಸಿಗೆಯಲ್ಲಿ ಅದು ಬಾಯಿಬಿಟ್ಟು ಹೇಳುವ ಮಾತಲ್ಲ. ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಮಾರ್ಚ್‌ನಲ್ಲೇ ಸಾರಿದೆ. ಬೀದಿಗೆ ಟ್ಯಾಂಕರ್ ಬಂದರೆ ಸಾಕು, ಮನೆಮನೆಯ ಬಿಂದಿಗೆ ಹೊರಗೆ ಬರುತ್ತದೆ. ನೀರು ಬೇಡ, ಇಂಟರ್‌ಕೂಲರಿಗೊಂದು ಫ್ಯಾನ್ ನೋಡೋಣ.

ಏಪ್ರಿಲ್ 20, ಶನಿವಾರ

ಎಸ್‌.ಪಿ. ರಸ್ತೆಯಿಂದ ಎರಡು ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ತಂದೆ. ಒಂದನ್ನು ಇಂಟರ್‌ಕೂಲರ್ ದಾಟಿ ಎಂಜಿನ್ನಿಗೆ ಹೋಗುವ ಪೈಪಿಗೆ ಬಿಗಿದು, ಮೇಲೆ ಬಟ್ಟೆ ಟೇಪು ಸುತ್ತಿದ್ದೇನೆ. ಇನ್ನೊಂದು ಮುಂದಿನ ಗ್ರಿಲ್ ಹತ್ತಿರ, ಹೊರಗಿನ ಗಾಳಿಗೆ. ಅಳೆಯದೆ ಬದಲಾಯಿಸಿದರೆ ಆಮೇಲೆ ಮನಸ್ಸು ತನಗೆ ಬೇಕಾದದ್ದನ್ನೇ ಹೇಳುತ್ತದೆ.

ರಾಜಾಜಿನಗರದ ಕಡೆ ಒಂದು ಅಂಗಡಿಯಲ್ಲಿ ಫ್ಯಾನ್ ಕಿಟ್ ತೋರಿಸಿ “ಸಾರ್, ಇಪ್ಪತ್ತು ಎಚ್‌ಪಿ ಗ್ಯಾರಂಟಿ” ಅಂದರು. ಕೈಮುಗಿದು ಬಂದೆ.

ಏಪ್ರಿಲ್ 29, ಸೋಮವಾರ

ನಿನ್ನೆ ನಗರದಲ್ಲಿ 38.5 ಡಿಗ್ರಿ. 2016ರ ಏಪ್ರಿಲ್‌ನ 39.2 ಬಿಟ್ಟರೆ ಏಪ್ರಿಲ್ ತಿಂಗಳಲ್ಲಿ ಇಷ್ಟು ಸೆಕೆ ಕಂಡದ್ದಿಲ್ಲ ಎಂದು ಪೇಪರಿನಲ್ಲಿದೆ. ಮನೆಯವರೆಲ್ಲ ಒಳಗೆ ಫ್ಯಾನ್ ಕೆಳಗೆ ಕೂತಿದ್ದಾಗ ನಾನು ಮಾಗಡಿ ರಸ್ತೆಗೆ ಗಾಡಿ ತೆಗೆದೆ. ಸುಮನಹಳ್ಳಿ ಕಡೆ ಓಡುವಾಗ ಪೈಪು 58. ಟೋಲ್‌ಗೇಟ್ ಹತ್ತಿರ ನಿಂತಾಗ ಅಂಕಿ ಏರುತ್ತ ಏರುತ್ತ 76 ಮುಟ್ಟಿತು. ನಿಂತ ಗಾಡಿಯಲ್ಲಿ ಟರ್ಬೊ ಗಾಳಿಯನ್ನು ಅದುಮುತ್ತಲೇ ಇರಲಿಲ್ಲ. ಗಾಳಿ ತಣಿಸಬೇಕಾದ ಇಂಟರ್‌ಕೂಲರೇ ಎಂಜಿನ್ ಶಾಖ ಕುಡಿದು ಒಳಗಿನ ಗಾಳಿಯನ್ನು ಕಾಯಿಸುತ್ತಿತ್ತು.

ಮೇ 4, ಶನಿವಾರ, ಕಾಮಾಕ್ಷಿಪಾಳ್ಯ

ಮೊನ್ನೆ ಮಳೆ ಬಂದು ಜೀವ ಬಂತು. ಬೆಳಗ್ಗೆಯೇ ಮೆಕ್ಯಾನಿಕ್ ಹತ್ತಿರ ಹೋದೆ. ಫ್ಯಾನ್ ವಿಷಯ ಹೇಳಿದರೆ ಅವರು ಮಾತಾಡದೆ ಬಾನೆಟ್ಟಿನ ಒಳಮೈಗೆ ಟಾರ್ಚ್ ಬಿಟ್ಟರು. ಸ್ಕೂಪಿನ ಡಕ್ಟು ಇಂಟರ್‌ಕೂಲರ್ ಮೇಲೆ ಕೂರುವ ಅಂಚಿಗೆ ಸುತ್ತ ಒಂದು ಮೆತ್ತನೆಯ ಸೀಲ್ ಇರುತ್ತದೆ. ನಮ್ಮದು ಒಣಗಿ, ಮುಟ್ಟಿದರೆ ಪುಡಿ. ಒಂದು ಬದಿಯಲ್ಲಿ ಇರಲೇ ಇಲ್ಲ.

“ಗಾಳಿ ಸಂದಿ ಸಿಕ್ಕಿದ ಕಡೆ ಓಡೋಗುತ್ತೆ ಸಾರ್. ಕಷ್ಟಪಟ್ಟು ಫಿನ್ ಒಳಗೆ ಯಾಕೆ ನುಗ್ಗುತ್ತೆ? ಮೊದಲು ಇದನ್ನ ಮುಚ್ಚಿ, ಆಮೇಲೆ ಫ್ಯಾನ್ ಮಾತು.”

ಕಂಪ್ರೆಸರ್ ಗಾಳಿಯನ್ನು ಕೆಳಗಿನಿಂದ ಮೇಲಕ್ಕೆ ಹೊಡೆದು ಫಿನ್‌ಗಳ ಧೂಳು, ಹುಳ, ಹೊಂಗೆಯ ಒಣ ಹೂ ಎಲ್ಲ ಉದುರಿಸಿದರು. ನೀರು ಮುಟ್ಟಲಿಲ್ಲ. ಮಡಚಿದ ಫಿನ್‌ಗಳನ್ನು ಹುಡುಗನೊಬ್ಬ ಚಪ್ಪಟೆ ಸ್ಕ್ರೂಡ್ರೈವರ್ ತುದಿಯಲ್ಲಿ ಒಂದೊಂದಾಗಿ ನೆಟ್ಟಗೆ ಮಾಡಿದ. ಹೊಸ ರಬ್ಬರ್ ಸೀಲ್ ಕೂತಿತು. ಹೊರ ವರ್ತುಲ ರಸ್ತೆಯಲ್ಲಿ ಓಡಿಸಿದರೆ ಹೊರಗಿನ ಗಾಳಿಗೂ ಪೈಪಿಗೂ ಇದ್ದ ಅಂತರ ಅರ್ಧಕ್ಕರ್ಧ ಇಳಿದಿದೆ. ನಿಂತಾಗಿನ ಬಿಸಿ ಮಾತ್ರ ಹಾಗೆಯೇ.

ಮೇ 11, ಶನಿವಾರ

ಮೆಕ್ಯಾನಿಕ್ ಹೇಳಿದ್ದರೆಂದು ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಉಂಡೆ ಕಟ್ಟಿಕೊಂಡು ಹೋಗಿದ್ದೆ. ಅದನ್ನು ಇಂಟರ್‌ಕೂಲರ್ ಮೇಲೆ ಅಲ್ಲಲ್ಲಿ ಇಟ್ಟು ಬಾನೆಟ್ ಮುಚ್ಚಿ ತೆರೆದರು. ಅಪ್ಪಚ್ಚಿಯಾದ ಹಿಟ್ಟಿನ ದಪ್ಪವೇ ಅಲ್ಲಿರುವ ಜಾಗ. ಎರಡು ಬೆರಳೂ ಇಲ್ಲ. ಮೇಲೆ ಫ್ಯಾನ್ ಕೂರುವುದಿಲ್ಲ, ಕೂತರೂ ಸ್ಕೂಪಿನ ಗಾಳಿಗೆ ಅಡ್ಡ.

ಕೆಳಗೇ ಕೂರಿಸಿದೆವು. ತೆಳ್ಳನೆಯ ಎಲೆಕ್ಟ್ರಿಕ್ ಫ್ಯಾನು, ಮೇಲಿನ ಗಾಳಿಯನ್ನು ಕೆಳಗೆ ಎಳೆಯುವ ಹಾಗೆ. ಫ್ಯಾನ್ ಮೇಲಕ್ಕೆ ಊದಿದರೆ ಎಂಜಿನ್ ಶಾಖವನ್ನೇ ಫಿನ್‌ಗೆ ಬಡಿಸಿದಂತೆ. ವೈರ್ ಅದಲುಬದಲಾದರೆ ಫ್ಯಾನ್ ತಿರುಗುತ್ತದೆ, ಗಾಳಿ ಮಾತ್ರ ಉಲ್ಟಾ. ಅದಕ್ಕೇ ಸ್ಕೂಪಿನ ಬಾಯಿಗೆ ಊದುಬತ್ತಿ ಹಿಡಿದು ನೋಡಿದರು. ಹೊಗೆ ಒಳಗೆ ಹೋಯಿತು. ಫ್ಯಾನಿಗೂ ಫಿನ್‌ಗೂ ನಡುವೆ ಅಲ್ಯೂಮಿನಿಯಂ ತಗಡಿನ ಶ್ರೌಡ್ ಇದೆ. ಅದಿಲ್ಲದಿದ್ದರೆ ರೆಕ್ಕೆ ಎದುರಿನ ಜಾಗ ಮಾತ್ರ ತಣಿಯುತ್ತದೆ.

ವೈರಿಂಗ್: ಬ್ಯಾಟರಿಯಿಂದ ನೇರ ಲೈನು, ಬ್ಯಾಟರಿ ಪಕ್ಕದಲ್ಲೇ ಫ್ಯೂಸು, ಆಮೇಲೆ ರಿಲೇ. ಫ್ಯಾನ್ ಏಳು ಆಂಪಿಯರ್ ಎಳೆಯುತ್ತದೆ, ಸುಮಾರು 85 ವಾಟ್. ಅಷ್ಟನ್ನು ಡ್ಯಾಶ್‌ಬೋರ್ಡ್ ಸ್ವಿಚ್ಚಿನ ಮೂಲಕ ಹಾಯಿಸುವಂತಿಲ್ಲ. ಸ್ವಿಚ್ಚು ರಿಲೇಯನ್ನು ಎಬ್ಬಿಸಿದರೆ ಸಾಕು. ಪೈಪಿನ ಮೇಲೊಂದು ಥರ್ಮೋ ಸ್ವಿಚ್: ಬಿಸಿಯಾದರೆ ಫ್ಯಾನ್ ಆನ್, ತಣಿದರೆ ಆಫ್. ಎಂಜಿನ್ ನಿಲ್ಲಿಸಿದ ಮೇಲೂ ಮೂರು ನಿಮಿಷ ಓಡಲೆಂದು ಟೈಮರ್. ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲದ ಖರ್ಚು.

ಮೇ 14, ಮಂಗಳವಾರ

ಬಾವ ವಕೀಲರು, ಬಂದವರೇ ಬಾನೆಟ್ ಎತ್ತಿಸಿದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೆನಪಿಸಿದರು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಸಿಯಲ್ಲಿ ಬರೆದ ಎಂಜಿನ್, ಇಂಧನ, ಸೀಟು, ಬಣ್ಣ ಯಾವುದೂ ನಮ್ಮ ಗಾಡಿಯಲ್ಲಿ ಬದಲಾಗಿಲ್ಲ ಎಂದೆ. ಬಾಡಿ ಕುಯ್ದಿಲ್ಲ, ಬೋಲ್ಟು ಬಿಚ್ಚಿದರೆ ಗಾಡಿ ಮೊದಲಿನಂತೆ. “ಆದ್ರೂ ಇನ್ಷೂರೆನ್ಸ್‌ನವರಿಗೆ ಒಂದು ಮಾತು ಬರೆದುಬಿಡಪ್ಪ” ಅಂದರು. ಇಮೇಲ್ ಹಾಕಿದೆ.

ಮೇ 19, ಭಾನುವಾರ

ಬಿಡದಿಗೆ ತಟ್ಟೆ ಇಡ್ಲಿ ತಿನ್ನಲು ಹೋಗಿದ್ದೆವು. ಪರೀಕ್ಷೆಯೂ ಆಯಿತು. ನಾಯಂಡಹಳ್ಳಿಯ ಜಾಮಿನಲ್ಲಿ ಪೈಪು 55ರ ಆಸುಪಾಸಿನಲ್ಲೇ ನಿಂತಿತು. ಸಿಗ್ನಲ್ ಬಿಟ್ಟಾಗ ಗಾಡಿ ತಡವರಿಸದೆ ಎದ್ದಿತು. ತಣ್ಣಗಿರುವ ಅಲ್ಯೂಮಿನಿಯಂ ಮೊದಲ ಕೆಲವು ಸೆಕೆಂಡಿನ ಶಾಖವನ್ನು ತಾನೇ ಹೀರಿಕೊಳ್ಳುತ್ತದೆ. ಫ್ಯಾನ್ ಕೊಟ್ಟದ್ದು ಆ ಕೆಲವು ಸೆಕೆಂಡು.

ಮೈಸೂರು ಹೆದ್ದಾರಿಯಲ್ಲಿ 80ರ ವೇಗ ಹಿಡಿದು ಫ್ಯಾನ್ ಹಾಕಿ ನೋಡಿದೆ, ಆರಿಸಿ ನೋಡಿದೆ. ಅಂಕಿ ಅಲುಗಲಿಲ್ಲ. ಆ ವೇಗದಲ್ಲಿ ಗಾಳಿ ಸೆಕೆಂಡಿಗೆ 22 ಮೀಟರ್ ನುಗ್ಗುತ್ತದೆ, ಫ್ಯಾನ್ ಅದರ ಮುಂದೆ ಏನೂ ಅಲ್ಲ.

ಜೂನ್ 3, ಸೋಮವಾರ

ನಿನ್ನೆ ಒಂದೇ ದಿನ 111 ಮಿ.ಮೀ. ಮಳೆ. 1891ರ ಜೂನ್ ದಾಖಲೆ ಮುರಿಯಿತಂತೆ. ಗಾಡಿ ಹೊರಗೇ ನಿಂತಿತ್ತು. ಸ್ಕೂಪಿಗೆ ಬಿದ್ದ ನೀರು ಫಿನ್ ದಾಟಿ ನೇರ ಫ್ಯಾನ್ ಮೋಟಾರ್ ಮೇಲೆಯೇ ಇಳಿಯುತ್ತದೆ. ಬೆಳಗ್ಗೆ ಕನೆಕ್ಟರ್ ಬಿಚ್ಚಿ ನೋಡಿದೆ, ಗ್ರೀಸ್ ತುಂಬಿದ್ದರಿಂದ ಪಿನ್ನಿಗೆ ನೀರು ತಾಕಿಲ್ಲ. ಫ್ಯಾನ್ ತಿರುಗಿತು.

ಜೂನ್ 8, ಶನಿವಾರ

ಬಾವ ತಮ್ಮ ಹೊಸ ಟರ್ಬೊ ಪೆಟ್ರೋಲ್ ಕಾರಿಗೂ ಫ್ಯಾನ್ ಹಾಕಿಸಲೇ ಎಂದು ಕೇಳಿದರು. ಬೇಡ ಅಂದೆ. ಅವರದರಲ್ಲಿ ಇಂಟರ್‌ಕೂಲರ್ ಮುಂದೆ, ರೇಡಿಯೇಟರಿನ ಎದುರಿಗಿದೆ. ಗಾಡಿ ನಿಂತಾಗ ರೇಡಿಯೇಟರ್ ಫ್ಯಾನೇ ಅದರ ಮೂಲಕ ಗಾಳಿ ಎಳೆಯುತ್ತದೆ. ಎಂಜಿನ್ ಮೇಲೆ ಇಂಟರ್‌ಕೂಲರ್ ಇದ್ದು, ದಿನಾ ಊರೊಳಗಿನ ಟ್ರಾಫಿಕ್ಕಿನಲ್ಲಿ ನಿಲ್ಲುವ ಗಾಡಿಗೆ ಮಾತ್ರ ಈ ಫ್ಯಾನು. ಅಲ್ಲಿಯೂ ಮೊದಲು ಸೀಲು, ಆಮೇಲೆ ಶುಚಿ, ಕೊನೆಗೆ ಫ್ಯಾನ್. ಎಚ್‌ಪಿ ಹೆಚ್ಚುತ್ತದೆ ಎಂದು ಯಾರಾದರೂ ಮಾರಿದರೆ ಕೊಳ್ಳಬಾರದು.