ಹೊಗೆಯ ಕೆಳಗಿನ ಹಾದಿ

ವಿಮಾನವೇರಿದೊಡನೆ ಗಗನಸಖಿಯ ಸೂಚನೆಗಳಿಗೆ ಕಿವಿಗೊಡದೆ ಪತ್ರಿಕೆ ಬಿಡಿಸುವುದು ನನ್ನ ಹಳೆಯ ಚಾಳಿ. ಒಮ್ಮೆ ಅದಕ್ಕೆ ತಕ್ಕ ಶಾಸ್ತಿಯಾಯಿತು. ನಡುಹಾದಿಯಲ್ಲಿ, ಊಟ ಬಿಸಿಮಾಡುವ ವಿದ್ಯುತ್ ಒಲೆಯಿಂದ ಹೊಗೆ ಹೊರಟಿತು. ಆಕೆ ಒಲೆಯ ಬಾಗಿಲು ತೆರೆಯದೆಯೇ ವಿದ್ಯುತ್ತನ್ನು ನಿಲ್ಲಿಸಿ, ನಮಗೆಲ್ಲ ಒದ್ದೆ ಬಟ್ಟೆ ಹಂಚಿ, "ಮೂಗು ಮುಚ್ಚಿಕೊಂಡು ತಲೆ ತಗ್ಗಿಸಿರಿ" ಎಂದಳು. ಹಸಿ ಸೌದೆ ಊದುತ್ತಿದ್ದ ನನ್ನಮ್ಮನ ಮಾತೂ ಅದೇ: "ಬಗ್ಗಿಕೊಳ್ಳೋ ಮಗು, ಹೊಗೆ ಮೇಲಕ್ಕೇ ಹೋಗುತ್ತದೆ."

ತಲೆಯೇನೋ ತಗ್ಗಿತು, ಆದರೆ ಕೈ? ಕಾಲಬಳಿಯ ಚೀಲವನ್ನು ಭದ್ರವಾಗಿ ಹಿಡಿದಿತ್ತು! ಹೊಗೆ ಅಡಗಿತು, ನಾಚಿಕೆ ಮಾತ್ರ ಉಳಿಯಿತು.

1983ರ ಜೂನ್ 2ರಂದು ಏರ್ ಕೆನಡಾ ವಿಮಾನವೊಂದರ ಶೌಚಾಲಯದಲ್ಲಿ ಹೊಗೆ ಕಾಣಿಸಿತು. ಅದು ಸಿನ್ಸಿನಾಟಿಯಲ್ಲಿ ಸುರಕ್ಷಿತವಾಗಿಯೇ ಇಳಿಯಿತು. ಆದರೆ ಬಾಗಿಲು ತೆರೆದ ಸುಮಾರು ಒಂದೂವರೆ ನಿಮಿಷದಲ್ಲಿ ಒಳಗೆಲ್ಲ ಜ್ವಾಲೆ ಹಬ್ಬಿತು. 46 ಜನರಲ್ಲಿ 23 ಮಂದಿ ಹೊರಬರಲಿಲ್ಲ. ಶೌಚಾಲಯದ ಹೊಗೆಸೂಚಕವೂ, ನೆಲದುದ್ದಕ್ಕೂ ದಾರಿ ತೋರುವ ಬೆಳಕಿನ ಸಾಲೂ ಇಂದು ವಿಮಾನಗಳಲ್ಲಿರುವುದು ಆ ದುರಂತ ಕಲಿಸಿದ ಪಾಠದಿಂದ.

ಒಂದೂವರೆ ನಿಮಿಷ! ಚೀಲಕ್ಕೆ ಅದರಲ್ಲಿ ಪಾಲೆಲ್ಲಿ?

ಈಗ ಕುಳಿತೊಡನೆ ಬಾಗಿಲವರೆಗಿನ ಆಸನದ ಸಾಲುಗಳನ್ನು ಎಣಿಸಿಕೊಳ್ಳುತ್ತೇನೆ. ಕಣ್ಣು ಕಾಣದಿದ್ದರೂ ಕೈ ತಡವಿ ದಾರಿ ಹಿಡಿಯಲೆಂದು. ಪತ್ರಿಕೆ ಬಿಡಿಸುವುದು ಆಮೇಲೆ.